ಅಪ್ಪನ ರುಜು, ಅಮ್ಮನ ಕೈ

ನನ್ನ ಹೈಸ್ಕೂಲಿನ ಮಾರ್ಕ್ಸ್ ಕಾರ್ಡುಗಳ ಮೇಲೆಲ್ಲ ಅಪ್ಪನ ರುಜು ಇದೆ. ಹಾಕಿದ್ದು ಅಮ್ಮ. ಅಪ್ಪ ಲಾರಿ ಓಡಿಸುತ್ತಿದ್ದರು. ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿದ್ದರೆ ಹೆಚ್ಚು. ‘ತಂದೆ/ಪೋಷಕರ ಸಹಿ’ ಎಂದಿದ್ದ ಕಡೆ ತನ್ನ ಹೆಸರನ್ನೇ ಬರೆಯಬಹುದೆಂದು ಅಮ್ಮನಿಗೆ ಹೊಳೆಯಲೇ ಇಲ್ಲ. ಕೌಟುಂಬಿಕ ಕಾನೂನುಗಳ ಚರಿತ್ರೆಯಲ್ಲಿ ಸಂಶೋಧನೆಗೆ ತೊಡಗಿದ ಮೇಲೆ, ಅವಳ ಹಿಂಜರಿಕೆಯ ಬೇರು ನನಗೆ ಕಾಯ್ದೆಯಲ್ಲೇ ಸಿಕ್ಕಿತು.

1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ಮಗುವಿನ ಸಹಜ ಪೋಷಕ ತಂದೆ. ಅವನ ‘ನಂತರ’ ತಾಯಿ. ಆದರೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದೂ ಅದೇ ಕಲಮು ಹೇಳುತ್ತದೆ. ಅಂದರೆ ನಿದ್ದೆಗೆಟ್ಟು ಸಾಕುವುದು ತಾಯಿ, ಅಧಿಕಾರ ತಂದೆಯದು.

1984ರಲ್ಲಿ ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡು ಕೊಳ್ಳಲು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿ, ಪೋಷಕಿಯಾಗಿ ತಾವೇ ಸಹಿ ಮಾಡಿದರು. ಗಂಡನ ಒಪ್ಪಿಗೆಯೂ ಇತ್ತು. ಬ್ಯಾಂಕು ತಂದೆಯ ಸಹಿ ಬೇಕೆಂದಿತು. ದಂಪತಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು: ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನ ಗೈರುಹಾಜರಿಯಲ್ಲಿ ಎಂದು. ದೂರದಲ್ಲಿರುವುದು, ಕಾಯಿಲೆ, ಮಗುವಿನ ಬಗ್ಗೆ ಪೂರ್ತಿ ಉದಾಸೀನ, ಇವೆಲ್ಲ ಗೈರುಹಾಜರಿಯೇ. ನಾನು ಹೈಸ್ಕೂಲು ಸೇರುವಾಗ ಆ ತೀರ್ಪಿಗೆ ಹತ್ತು ವರ್ಷ ದಾಟಿತ್ತು. ಅಮ್ಮ ನಿರಾತಂಕವಾಗಿ ಸಹಿ ಹಾಕಬಹುದಿತ್ತು. ಆದರೆ ಅವಳಿಗೆ ಹಾಗೆಂದು ಹೇಳಿದವರು ಯಾರೂ ಇರಲಿಲ್ಲ. ತೀರ್ಪು ಕೂಡ ‘ನಂತರ’ ಪದಕ್ಕೆ ಹೊಸ ಅರ್ಥ ಕೊಟ್ಟಿತೇ ಹೊರತು ಅದನ್ನು ತೆಗೆದುಹಾಕಲಿಲ್ಲ.

ಈ ಕಥೆಯಲ್ಲಿ ಅಪ್ಪಂದಿರು ಗೆದ್ದರೆಂದು ಮೊದಲು ನಾನೂ ಅಂದುಕೊಂಡಿದ್ದೆ. ರಜೆಯ ನಿಯಮಗಳನ್ನು ಓದಿದಾಗ ಅನುಮಾನ ಬಂತು. 1961ರ ಕಾಯ್ದೆ ತಾಯಿಗೆ ಕೊಟ್ಟ 12 ವಾರಗಳ ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 1997ರಲ್ಲಿ ಸಿಕ್ಕಿದ್ದು 15 ದಿನ. ಲಾರಿ ಓಡಿಸುವವರಿಗೆ ಅದೂ ಇಲ್ಲ. ತಂದೆಗೆ ಅಧಿಕಾರ ಕೊಟ್ಟ ಸಮಾಜ, ಮಗುವಿನ ಜೊತೆ ಕೂರಲು ಅವನಿಗೂ ಸಮಯ ಬೇಕೆಂದು ಯೋಚಿಸಲಿಲ್ಲ.

ಮೊನ್ನೆ ಊರಿಗೆ ಹೋದಾಗ ಆ ಕಾರ್ಡುಗಳನ್ನು ಅಪ್ಪನ ಕೈಗಿಟ್ಟೆ. ರುಜು ನೋಡಿ, “ನನಗಿಂತ ಚೆನ್ನಾಗಿ ಹಾಕಿದಾಳೆ” ಎಂದು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದೇ ವಿಷಯದ ಅಂಕ ಓದತೊಡಗಿದರು. ಅವರು ಅವನ್ನು ನೋಡುತ್ತಿದ್ದದ್ದು ಅದೇ ಮೊದಲು.