ಮಂಜೇಶ್ವರ ವಿಧಾನಸಭಾ ಕ್ಷೇತ್ರ: ಚುನಾವಣೆ, ಭಾಷೆ ಮತ್ತು ಪ್ರಾತಿನಿಧ್ಯ

ಕೇರಳದ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆ ಮಂಜೇಶ್ವರದ್ದು. ಪಡುವಣದಲ್ಲಿ ಕಡಲು, ಬಡಗಣ ಮತ್ತು ಮೂಡಣ ದಿಕ್ಕುಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ. ಇವುಗಳ ನಡುವೆ ಹರಡಿರುವ ಈ ಕ್ಷೇತ್ರವು ಈಗಿನ ಸ್ವರೂಪದಲ್ಲಿ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ ಮತ್ತು ಎಣ್ಮಕಜೆ ಎಂಬ ಎಂಟು ಗ್ರಾಮ ಪಂಚಾಯತಿಗಳನ್ನು ಒಳಗೊಂಡಿದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಮನೆಮಾತುಗಳು ಹಲವಾದ ಕಾರಣ ಸಪ್ತಭಾಷೆಗಳ ನೆಲವೆಂಬ ಹೆಸರೂ ಇದಕ್ಕುಂಟು. ಇಂತಹ ನೆಲದಿಂದ ತಿರುವನಂತಪುರಕ್ಕೆ ಹೋಗುವ ಒಬ್ಬ ಸದಸ್ಯನು ಯಾರನ್ನು ಪ್ರತಿನಿಧಿಸುತ್ತಾನೆ, ಯಾವ ಭಾಷೆಯಲ್ಲಿ ಪ್ರತಿನಿಧಿಸುತ್ತಾನೆ ಎಂಬ ಪ್ರಶ್ನೆಯು 1957ರಿಂದ ಇಂದಿನವರೆಗೂ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ಆ ರೂಪಾಂತರಗಳನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1956ರ ಅಕ್ಟೋಬರ್ ಕೊನೆಯವರೆಗೆ ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿತ್ತು. ಕಂದಾಯ ಕಚೇರಿ, ಶಾಲೆ, ದಸ್ತಾವೇಜುಗಳಲ್ಲಿ ಕನ್ನಡಕ್ಕೆ ಸಹಜವಾದ ಸ್ಥಾನವಿತ್ತು. ಜಿಲ್ಲೆಯ ಕೇಂದ್ರ ಮಂಗಳೂರು. ಮದ್ರಾಸು ರಾಜ್ಯವೇ ಬಹುಭಾಷಿಕವಾಗಿದ್ದುದರಿಂದ ಅಲ್ಲಿ ಕನ್ನಡವು ಹಲವು ಭಾಷೆಗಳಲ್ಲಿ ಒಂದಾಗಿತ್ತು. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಸಲ್ಲಿಸಿದ ವರದಿಯು ತಾಲೂಕನ್ನು ಕೇರಳಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಅದು ಜಾರಿಗೆ ಬಂದಾಗ ಈ ಪ್ರದೇಶದ ಕನ್ನಡಿಗರು ಒಂದೇ ಭಾಷೆಯ ಆಧಾರದ ಮೇಲೆ ರೂಪುಗೊಂಡ ರಾಜ್ಯದಲ್ಲಿ ಅಲ್ಪಸಂಖ್ಯಾತರಾದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜನಗಣತಿಯು ಮನೆಮಾತನ್ನು ಎಣಿಸುತ್ತದೆ. ತುಳು, ಕೊಂಕಣಿ, ಮರಾಠಿ ಮಾತನಾಡುವವರು ಅದರಲ್ಲಿ ಬೇರೆ ಬೇರೆ ಪಟ್ಟಿಗಳಿಗೆ ಸೇರುತ್ತಾರೆ. ಆದರೆ ಓದುಬರಹ, ವ್ಯವಹಾರ, ಯಕ್ಷಗಾನ, ಪತ್ರಿಕೆ ಇವುಗಳಲ್ಲಿ ಅವರಲ್ಲಿ ಬಹುಪಾಲು ಜನರ ಭಾಷೆ ಕನ್ನಡವೇ ಆಗಿತ್ತು. ಅಂಕಿಗಳಲ್ಲಿ ಕಾಣದ ಈ ಕನ್ನಡವು ಮತಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು.

1957ರ ಆರಂಭದಲ್ಲಿ ನಡೆದ ಕೇರಳದ ಪ್ರಥಮ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ, ರಾಜ್ಯದ ಉಳಿದೆಡೆ ಬಿರುಸಿನ ಸ್ಪರ್ಧೆ ನಡೆದ ಆ ಚುನಾವಣೆಯಲ್ಲಿ ಇಲ್ಲಿ ಸ್ಪರ್ಧೆಯೇ ಇರಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. 1960, 1965 ಮತ್ತು 1967ರಲ್ಲಿ ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿಯವರು ಗೆದ್ದರು. 1965ರಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯದೆ ಸಭೆಯು ಸೇರಲೇ ಇಲ್ಲವಾದ್ದರಿಂದ ಆ ಗೆಲುವು ದಾಖಲೆಯಲ್ಲಷ್ಟೇ ಉಳಿಯಿತು. 1967ರಲ್ಲಿ ನೆರೆಯ ಕಾಸರಗೋಡು ಕ್ಷೇತ್ರದಲ್ಲಿಯೂ ಯು. ಪಿ. ಕುಣಿಕುಳ್ಳಾಯರು ಆಯ್ಕೆಯಾದರು. ಹೀಗೆ ಒಂದು ದಶಕದ ಕಾಲ ಇಲ್ಲಿನ ಪ್ರತಿಯೊಂದು ಚುನಾವಣೆಯೂ ಸರಕಾರವನ್ನು ರಚಿಸುವ ಕ್ರಿಯೆಗಿಂತ ಹೆಚ್ಚಾಗಿ ಗಡಿಯ ಕುರಿತಾದ ಜನಮತ ಸಂಗ್ರಹದಂತೆ ನಡೆಯಿತು. ಕಯ್ಯಾರ ಕಿಞ್ಞಣ್ಣ ರೈ ಅವರಂತಹ ಕವಿಗಳೂ ಏಕೀಕರಣದ ಚಳವಳಿಯಲ್ಲಿದ್ದರು. ಅದಕ್ಕೆ ಶಾಸನಸಭೆಯೊಳಗೊಂದು ದನಿ ಬೇಕಾಗಿತ್ತು. 1966ರಲ್ಲಿ ನೇಮಕಗೊಂಡ ಮೆಹರ್ ಚಂದ್ ಮಹಾಜನ್ ಆಯೋಗವು 1967ರಲ್ಲಿ ಚಂದ್ರಗಿರಿ–ಪಯಸ್ವಿನಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಜಾರಿಯಾಗಲಿಲ್ಲ.

1970ರ ಚುನಾವಣೆಯಲ್ಲಿ ಚಿತ್ರ ಬದಲಾಯಿತು. ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಅವರು ಗೆದ್ದರು. 1977ರಲ್ಲಿ ಮರಳಿ ಆಯ್ಕೆಯಾದರು. 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್ ಅವರು ಆರಿಸಿ ಬಂದು, 1980ರ ನಾಯನಾರ್ ಸಂಪುಟದಲ್ಲಿ ನೀರಾವರಿ ಸಚಿವರಾದರು. ಕರ್ನಾಟಕ ಸಮಿತಿಯ ಸದಸ್ಯರು ಮತ್ತೆಂದೂ ಆ ಸಭೆಯನ್ನು ಪ್ರವೇಶಿಸಲಿಲ್ಲ.

ಈ ಪಲ್ಲಟವನ್ನು ಭಾಷಾಭಿಮಾನದ ಕುಸಿತವೆಂದು ವಿವರಿಸುವುದು ಸುಲಭ. ಆದರೆ ಅದು ಸಾಲದು. ದಕ್ಷಿಣ ಕನ್ನಡದ ಮೂಲಗೇಣಿ, ಚಾಲಗೇಣಿ ಪದ್ಧತಿಗಳು ಈ ನೆಲದಲ್ಲಿಯೂ ಇದ್ದವು. ಕೇರಳದ ಕೃಷಿ ಸಂಬಂಧ ಕಾಯ್ದೆಯು 1961ರಲ್ಲಿ ಅಂಗೀಕಾರ ಪಡೆದಾಗ ಅದನ್ನು ಪ್ರಶ್ನಿಸಿದ ಪ್ರಸಿದ್ಧ ಮೊಕದ್ದಮೆಯೊಂದು ಹುಟ್ಟಿದ್ದು ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಜಮೀನುಗಳಿಂದಲೇ. ಕರಿಂಬಿಲ್ ಕುಂಞಿಕೋಮನ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರ ಡಿಸೆಂಬರಿನಲ್ಲಿ, ಮದ್ರಾಸಿನಿಂದ ಬಂದ ಇಲ್ಲಿನ ರಯತವಾರಿ ಭೂಮಿಗಳು ಸಂವಿಧಾನದ 31ಎ ವಿಧಿಯು ರಕ್ಷಣೆ ನೀಡುವ 'ಎಸ್ಟೇಟ್' ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಹೇಳಿ, ಅವುಗಳ ಮಟ್ಟಿಗೆ ಕಾಯ್ದೆಯನ್ನು ಅಸಿಂಧುಗೊಳಿಸಿತು. 1964ರ ಹದಿನೇಳನೆಯ ತಿದ್ದುಪಡಿಯು ಆ ವ್ಯಾಖ್ಯೆಯನ್ನು ವಿಸ್ತರಿಸಿ ರಯತವಾರಿ ಭೂಮಿಯನ್ನೂ ಅದರೊಳಗೆ ತಂದಿತು. 1970ರ ಜನವರಿ 1ರಿಂದ ಭೂಸುಧಾರಣೆಯ ತಿದ್ದುಪಡಿಗಳು ಜಾರಿಗೆ ಬಂದವು. ಗೇಣಿದಾರನಿಗೆ ತಾನು ಉಳುವ ಗದ್ದೆಯ ಹಕ್ಕು ತಿರುವನಂತಪುರದ ಕಾನೂನಿನಿಂದಲೇ ದೊರೆಯುವಂತಾದಾಗ ಆ ರಾಜ್ಯದ ರಾಜಕಾರಣದಿಂದ ದೂರ ನಿಲ್ಲುವುದು ಅವನಿಗೆ ಕಷ್ಟವಾಯಿತು. ಕನ್ನಡ ಬಲ್ಲ ಕಮ್ಯುನಿಸ್ಟ್ ಅಭ್ಯರ್ಥಿಯಲ್ಲಿ ಅವನು ಭಾಷೆ ಮತ್ತು ಭೂಮಿ ಎರಡನ್ನೂ ಕಂಡಿರಬೇಕು ಎಂಬುದು ನಮ್ಮ ಊಹೆ. ಲೋಕಸಭೆಯ ಮಟ್ಟದಲ್ಲಿಯೂ ಇದಕ್ಕೆ ಹೋಲುವ ಸಂಗತಿಯುಂಟು: ಮಲಯಾಳವೇ ಪ್ರಧಾನವಾದ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಎಂ. ರಾಮಣ್ಣ ರೈ, ಐ. ರಾಮ ರೈ ಅವರಂತಹ ಈ ಭಾಗದ ನಾಯಕರು ರಾಷ್ಟ್ರೀಯ ಪಕ್ಷಗಳ ಮೂಲಕ ಆಯ್ಕೆಯಾದರು.

1987ರಿಂದ 2001ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಗೆದ್ದರು. ಈ ಹೊತ್ತಿಗೆ ಸ್ಪರ್ಧೆ ತ್ರಿಕೋನವಾಗಿತ್ತು: ಒಂದೆಡೆ ಲೀಗು, ಇನ್ನೊಂದೆಡೆ ಭಾರತೀಯ ಜನತಾ ಪಕ್ಷ, ಮತ್ತೊಂದೆಡೆ ಎಡರಂಗ. 2006ರಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಸಿ. ಎಚ್. ಕುಂಞಂಬು ಗೆದ್ದಾಗ ಅಬ್ದುಲ್ಲ ಅವರು ಮೂರನೆಯ ಸ್ಥಾನಕ್ಕೆ ಸರಿದರು. 2011ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರು ಕ್ಷೇತ್ರವನ್ನು ಮರಳಿ ಪಡೆದರು. 2016ರಲ್ಲಿ ಅವರು ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಕೇವಲ 89 ಮತಗಳಿಂದ. ರಝಾಕ್ ಅವರ ನಿಧನಾನಂತರ 2019ರಲ್ಲಿ ನಡೆದ ಉಪಚುನಾವಣೆಯಲ್ಲಿ ಎಂ. ಸಿ. ಕಮರುದ್ದೀನ್ ಗೆದ್ದರು, ಭಾಜಪದಿಂದ ರವೀಶ ತಂತ್ರಿ ಕುಂಟಾರು, ಎಡರಂಗದಿಂದ ಶಂಕರ ರೈ ಎದುರಾಳಿಗಳಾಗಿದ್ದರು. 2021ರಲ್ಲಿ ಎ. ಕೆ. ಎಂ. ಅಶ್ರಫ್ ಅವರ ಗೆಲುವಿನ ಅಂತರ 745 ಮತಗಳು.

ಅಂತರ ಇಷ್ಟು ಕಿರಿದಾದ ಕ್ಷೇತ್ರದಲ್ಲಿ ಪ್ರತಿಯೊಂದು ಗುಂಪಿನ ಮತಕ್ಕೂ ಬೆಲೆಯಿರಬೇಕು, ಕನ್ನಡಕ್ಕೂ ಬೆಲೆಯಿರಬೇಕು ಎಂದು ತರ್ಕ ಹೇಳುತ್ತದೆ. ಭಾಗಶಃ ಹಾಗೆಯೇ ಆಗಿದೆ: ಪ್ರಚಾರಪತ್ರ, ಭಾಷಣ, ಗೋಡೆಬರಹಗಳಲ್ಲಿ ಮೂರೂ ಬಣಗಳು ಕನ್ನಡವನ್ನು ಬಳಸುತ್ತವೆ. ಆದರೆ ಎಲ್ಲರೂ ಕನ್ನಡದಲ್ಲಿ ಮತ ಕೇಳುವಾಗ ಕನ್ನಡವು ಯಾರನ್ನೂ ಪ್ರತ್ಯೇಕಿಸುವ ವಿಷಯವಾಗಿ ಉಳಿಯುವುದಿಲ್ಲ. ಮತ ಹಂಚಿಕೆಯಾಗುವುದು ಮತಧರ್ಮ ಮತ್ತು ಪಕ್ಷನಿಷ್ಠೆಗಳ ನೆಲೆಯಲ್ಲಿ. ಬ್ಯಾರಿ ಅಥವಾ ಮಲಯಾಳ ಮನೆಮಾತಿನ ಮುಸಲ್ಮಾನನು ಕನ್ನಡ ಶಾಲೆಯಲ್ಲಿ ಓದಿರಬಹುದು, ತುಳು ಮನೆಮಾತಿನ ಹಿಂದುವೂ ಅಲ್ಲಿಯೇ ಓದಿರಬಹುದು. ಇವರಿಬ್ಬರ ಸಮಾನ ಹಿತವಾದ ಆ ಶಾಲೆಯು ಮತಗಟ್ಟೆಗೆ ಬರುವಾಗ ಇಬ್ಬರನ್ನೂ ಒಂದುಗೂಡಿಸುವುದು ವಿರಳ.

ಇನ್ನು ಸಭೆಯೊಳಗಿನ ಭಾಷೆಯ ಮಾತು. ಸಂವಿಧಾನದ 210ನೆಯ ವಿಧಿಯ ಪ್ರಕಾರ ರಾಜ್ಯ ಶಾಸನಸಭೆಯ ಕಲಾಪವು ರಾಜ್ಯದ ಅಧಿಕೃತ ಭಾಷೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಅವುಗಳಲ್ಲಿ ಸಮರ್ಪಕವಾಗಿ ಮಾತನಾಡಲಾರದ ಸದಸ್ಯನಿಗೆ ಮಾತೃಭಾಷೆಯನ್ನು ಬಳಸಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಅಂದರೆ ಮಾತೃಭಾಷೆಯಲ್ಲಿ ಮಾತನಾಡುವುದು ಇಲ್ಲಿ ಹಕ್ಕೆಂಬುದಕ್ಕಿಂತ ಅಸಾಮರ್ಥ್ಯಕ್ಕೆ ದೊರೆಯುವ ವಿನಾಯಿತಿ. 2021ರಲ್ಲಿ ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಗಡಿನಾಡು ಸಂತೋಷಪಟ್ಟಿತು. ಅದೇ ಸಂದರ್ಭದಲ್ಲಿ ದೇವಿಕುಳಂ ಕ್ಷೇತ್ರದ ಸದಸ್ಯರು ತಮಿಳಿನಲ್ಲಿ ಸ್ವೀಕರಿಸಿದ ಪ್ರಮಾಣವು, ಭಾಷಾಂತರಿತ ಪಾಠದಲ್ಲಿ ಕೆಲವು ಪದಗಳು ಬಿಟ್ಟುಹೋಗಿದ್ದ ಕಾರಣ ಕ್ರಮಬದ್ಧವಾಗದೆ, ಅವರು ಎರಡನೆಯ ಬಾರಿ ಪ್ರಮಾಣ ಮಾಡಬೇಕಾಯಿತು. ಅಲ್ಪಸಂಖ್ಯಾತ ಭಾಷೆಗೆ ಅವಕಾಶವಿದ್ದರೂ ಅದಕ್ಕೆ ಬೇಕಾದ ಎಚ್ಚರವು ಆಡಳಿತದಲ್ಲಿ ಇನ್ನೂ ನೆಲೆಗೊಂಡಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಕಾನೂನಿನ ಆಧಾರವೇನೋ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ನೀಡಿದೆ. ಆದರೆ ಕನ್ನಡದ ಅರ್ಜಿಯನ್ನು ಓದಬಲ್ಲ ನೌಕರನು ಕಚೇರಿಯಲ್ಲಿ ಇಲ್ಲದಿದ್ದರೆ ಆ ಅವಕಾಶಕ್ಕೆ ಅರ್ಥವಿಲ್ಲ. ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿದ 2017ರ ಕಾಯ್ದೆಯ ಸಂದರ್ಭದಲ್ಲಿ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು, 140 ಸದಸ್ಯರ ಸಭೆಯಲ್ಲಿ ಒಂದು ಸ್ಥಾನದಿಂದ ಎಷ್ಟು ಸಾಧ್ಯ ಎಂಬುದನ್ನು ತೋರಿಸುತ್ತದೆ.

ಹಾಗಾದರೆ ಈ ಕ್ಷೇತ್ರದ ಪ್ರಾತಿನಿಧ್ಯವನ್ನು ಅಳೆಯುವುದು ಹೇಗೆ? ಉಮೇಶ ರಾಯರ ಕಾಲದಲ್ಲಿ ಒಮ್ಮತವಿತ್ತು, ಸರಕಾರದಲ್ಲಿ ಪಾಲಿರಲಿಲ್ಲ. ಸುಬ್ಬರಾಯರ ಕಾಲದಲ್ಲಿ ಸಚಿವ ಸ್ಥಾನವಿತ್ತು, ಗಡಿಯ ಪ್ರಶ್ನೆ ಹಿಂದೆ ಸರಿದಿತ್ತು. ಇಂದಿನ ಸ್ಪರ್ಧೆಯಲ್ಲಿ ಕನ್ನಡ ಎಲ್ಲರ ಬಾಯಲ್ಲಿದೆ, ಯಾರ ಹೊಣೆಯೂ ಆಗಿಲ್ಲ. ಗೆದ್ದವರ ಮನೆಮಾತು ಯಾವುದೆಂದು ವಿಚಾರಿಸುವ ರೂಢಿಯಿಂದ ಇದು ಬಗೆಹರಿಯದು. ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರ ನೇಮಕ, 2014ರಲ್ಲಿ ರಚನೆಯಾದ ಮಂಜೇಶ್ವರ ತಾಲೂಕಿನ ಕಚೇರಿಗಳಲ್ಲಿ ಕನ್ನಡ ತಿಳಿದ ನೌಕರರು, ಕನ್ನಡದ ಅರ್ಜಿಗೆ ಕನ್ನಡದಲ್ಲಿಯೇ ಉತ್ತರ – ಇವುಗಳಿಗಾಗಿ ಸಭೆಯಲ್ಲಿ ಎಷ್ಟು ಪ್ರಶ್ನೆಗಳು ಕೇಳಲ್ಪಟ್ಟವು, ಎಷ್ಟಕ್ಕೆ ಆದೇಶ ಹೊರಟಿತು ಎಂಬುದನ್ನು ಪ್ರತಿ ಅವಧಿಯ ಕೊನೆಗೆ ಲೆಕ್ಕ ಹಾಕಬೇಕು. ಸಭೆಯ ನಡಾವಳಿಗಳು ಮುದ್ರಿತ ರೂಪದಲ್ಲಿ ದೊರೆಯುವಂಥವು. 1957ರಿಂದ ಮಂಜೇಶ್ವರದ ಸದಸ್ಯರು ಕೇಳಿದ ಪ್ರಶ್ನೆಗಳನ್ನು ಅವುಗಳಿಂದ ಸಂಗ್ರಹಿಸಿ ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ಗಡಿನಾಡಿನ ಸಂಶೋಧಕರು ಕೈಗೆತ್ತಿಕೊಂಡರೆ, ಮತದಾರನ ಕೈಯಲ್ಲಿ ಮುಂದಿನ ಚುನಾವಣೆಗೆ ಒಂದು ಅಳತೆಗೋಲಾದರೂ ಇರುತ್ತದೆ.