ಯಾರ ಪಕ್ಕ ಯಾರು?

ಫೋನಿನಲ್ಲಿ ಹತ್ತಿಪ್ಪತ್ತು ಸಾವಿರ ಫೋಟೊ ಇರೋದು ಈಗ ಮಾಮೂಲು. ಮುಖ, ಊರು, ತಾರೀಖು ನೋಡಿ ವಿಂಗಡಿಸೋ ಕೆಲಸ ಆ್ಯಪ್ಪೇ ಮಾಡುತ್ತೆ. ಆದರೆ ಯಾರ ಪಕ್ಕ ಯಾರನ್ನು ಇಡಬೇಕು ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಅರ್ಧ ಆಯುಷ್ಯ ಸವೆಸಿದವನು ಜರ್ಮನಿಯ ಫೋಟೊಗ್ರಾಫರ್ ಆಗಸ್ಟ್ ಸ್ಯಾಂಡರ್.

1876ರಲ್ಲಿ ಹೆರ್ಡಾರ್ಫ್ ಎಂಬ ಗಣಿಯೂರಿನಲ್ಲಿ ಹುಟ್ಟಿದ ಆತ ಹುಡುಗನಿದ್ದಾಗ ಗಣಿಯಲ್ಲೇ ದುಡಿದ. ಮುಂದೆ ಕಲೋನ್ ನಗರದಲ್ಲಿ ಸ್ಟುಡಿಯೊ ಇಟ್ಟ. 1920ರ ದಶಕದಲ್ಲಿ ‘ಇಪ್ಪತ್ತನೇ ಶತಮಾನದ ಜನ’ ಅಂತ ಒಂದು ದೊಡ್ಡ ಯೋಜನೆ ಹಾಕಿದ. ಒಟ್ಟು ಏಳು ಗುಂಪು: ರೈತರು, ಕುಶಲಕರ್ಮಿಗಳು, ಹೆಂಗಸರು, ವೃತ್ತಿ ಮತ್ತು ಅಂತಸ್ತು, ಕಲಾವಿದರು, ನಗರ, ಕೊನೆಯ ಜನ. ಇವುಗಳ ಒಳಗೆ ಸುಮಾರು 45 ಪೋರ್ಟ್‌ಫೋಲಿಯೊ, ಒಂದೊಂದಕ್ಕೆ 12 ಚಿತ್ರ.

ಶುರುವಾಗೋದು ರೈತರಿಂದ. ವೆಸ್ಟರ್‌ವಾಲ್ಡ್ ಸೀಮೆಯ ರೈತರನ್ನೇ ಆತ ಇಡೀ ಸಮಾಜದ ಬೇರು ಅಂತ ನೋಡಿದ. ಹಳ್ಳಿಯಲ್ಲಿ ಬೆಳೆದ ನನಗೆ ಇದು ಖುಷಿ ಕೊಡುತ್ತೆ. ಆದರೆ ‘ಹೆಂಗಸರು’ ಅಂತ ಬೇರೆ ಗುಂಪು ಯಾಕೆ? ಹೆಣ್ಣಾಗಿರೋದೂ ಒಂದು ಕಸುಬಾ? ವಿಂಗಡಣೆ ಅಂದ್ರೆ ಹೀಗೇ. ಜಗತ್ತಿನ ಜೊತೆಗೆ ವಿಂಗಡಿಸಿದವನ ತಲೆಯೊಳಗಿರೋದೂ ಕಾಣುತ್ತೆ.

1929ರಲ್ಲಿ 60 ಚಿತ್ರಗಳ ಮೊದಲ ಪುಸ್ತಕ ಬಂತು. ರೈತನಿಂದ ಶುರುವಾಗಿ ನಿರುದ್ಯೋಗಿಯಲ್ಲಿ ಮುಗಿಯೋ ಪುಸ್ತಕ ಅದು. ನಾಜಿಗಳು ಸಾರುತ್ತಿದ್ದ ಒಂದೇ ಅಚ್ಚಿನ ಜರ್ಮನ್ ಅದರಲ್ಲಿ ಇರಲಿಲ್ಲ. 1936ರಲ್ಲಿ ಅದರ ಮುದ್ರಣ ಫಲಕಗಳನ್ನೇ ನಾಶ ಮಾಡಿದರು.

ಅಷ್ಟರಲ್ಲಿ ಎಡಪಂಥೀಯನಾಗಿದ್ದ ಮಗ ಎರಿಕ್ ಜೈಲು ಸೇರಿದ್ದ. ಹತ್ತು ವರ್ಷದ ಶಿಕ್ಷೆ. ಒಳಗಿದ್ದುಕೊಂಡೇ ಕೈದಿಗಳ ಫೋಟೊ ತೆಗೆದ. ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ, 1944ರಲ್ಲಿ, ತೀರಿಕೊಂಡ. ಇತ್ತ 1938ರ ಸುಮಾರಿಗೆ ಗುರುತಿನ ಚೀಟಿಗೆ ಅಂತ ಯಹೂದಿಗಳು ಅಪ್ಪನ ಸ್ಟುಡಿಯೊಗೆ ಬರುತ್ತಿದ್ದರು.

ಯುದ್ಧ ಮುಗಿದ ಮೇಲೆ ಸ್ಯಾಂಡರ್ ಹಳೆಯ ಪಟ್ಟಿಯನ್ನು ಮತ್ತೆ ಬಿಚ್ಚಿದ. ‘ನಗರ’ ಗುಂಪಿನೊಳಗೆ ಕಿರುಕುಳ ಅನುಭವಿಸಿದ ಯಹೂದಿಗಳಿಗೊಂದು, ರಾಜಕೀಯ ಕೈದಿಗಳಿಗೊಂದು ಜಾಗ ಮಾಡಿದ. ಮಗ ತೆಗೆದ ಚಿತ್ರಗಳೂ ಅಲ್ಲಿ ಸೇರಿದವು. ನಾಜಿ ಸಮವಸ್ತ್ರದವರನ್ನು ಅಳಿಸಿ ಹಾಕಲಿಲ್ಲ. ಅವರಿಗೂ ಒಂದು ಪೋರ್ಟ್‌ಫೋಲಿಯೊ ಇದೆ. ಕೊಂದವರು, ಸತ್ತವರು ಒಂದೇ ಶತಮಾನದ ಜನ. ಕೊನೆಯ ಗುಂಪಿನಲ್ಲಿ ಎರಿಕ್‌ನ ಸತ್ತ ಮುಖದ ಅಚ್ಚಿನ ಚಿತ್ರವಿದೆ.

ಇಷ್ಟೆಲ್ಲ ಉಳಿದದ್ದಕ್ಕೆ ಒಂದು ಹಳ್ಳಿ ಕಾರಣ. ಯುದ್ಧದ ಹೊತ್ತಿನಲ್ಲಿ ಸ್ಯಾಂಡರ್ ಸುಮಾರು 10,000 ನೆಗೆಟಿವ್‌ಗಳನ್ನು ಕುಖ್‌ಹೌಸೆನ್ ಎಂಬ ಹಳ್ಳಿಗೆ ಸಾಗಿಸಿದ್ದ. ಕಲೋನ್‌ನ ನೆಲಮಾಳಿಗೆಯಲ್ಲಿ ಬಿಟ್ಟಿದ್ದ 25ರಿಂದ 30 ಸಾವಿರ ನೆಗೆಟಿವ್‌ಗಳು ಬಾಂಬಿಗೆ ಸಿಗದೆ ಉಳಿದು, 1946ರ ಬೆಂಕಿಯಲ್ಲಿ ಸುಟ್ಟುಹೋದವು. 1964ರಲ್ಲಿ ಆತ ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಅದು ಏಳು ಸಂಪುಟಗಳಾಗಿ ಬಂದದ್ದು 2002ರಲ್ಲಿ.

ನಮ್ಮ ಕಡೆಯ ಮದುವೆ ಫೋಟೊಗಳಲ್ಲಿ ವಾಲಗದವರು, ಅಡುಗೆಯವರು, ಪಾತ್ರೆ ತೊಳೆಯೋರು ಯಾವಾಗ್ಲೂ ಅಂಚಿನಲ್ಲೇ ಇರ್ತಾರೆ. ಆ್ಯಪ್ ಅವರ ಮುಖವನ್ನೂ ಗುರುತಿಸುತ್ತೆ, ಹೆಸರು ಮಾತ್ರ ಖಾಲಿ ಬಿಡುತ್ತೆ. ಮುಂದಿನ ಸಲ ಆಲ್ಬಮ್ ಜೋಡಿಸುವಾಗ ಅವರಿಗೂ ಒಂದು ಫೋಲ್ಡರ್ ಮಾಡಿ. ಹೆಸರು ಗೊತ್ತಿಲ್ಲದಿದ್ರೆ ಮನೆಯ ಹಿರಿಯರನ್ನು ಕೇಳಿ, ಅವರಿಗೆ ನೆನಪಿರುವಾಗಲೇ.