ಮೂವತ್ತೈದರಿಂದ ಮೂವತ್ತಮೂರಕ್ಕೆ: ಎಸ್ಸೆಸ್ಸೆಲ್ಸಿ ಪಾಸು ಅಂಕದ ಹಾದಿ

ಎಸ್ಸೆಸ್ಸೆಲ್ಸಿ ತೇರ್ಗಡೆಗೆ ಕರ್ನಾಟಕದಲ್ಲಿ ಬಹುಕಾಲ ಶೇ. 35 ಅಂಕ ಬೇಕಾಗಿತ್ತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಶೇ. 33ಕ್ಕೆ ಇಳಿಸಿತು. ಪಾಸು ಅಂಕವನ್ನು ಸಡಿಲಿಸುವ ರೂಢಿಗೆ ಮಾತ್ರ ಒಂದೂವರೆ ಶತಮಾನದ ಚರಿತ್ರೆಯಿದೆ.

1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ನಡೆಸಿದ ಮೊದಲ ಬಿ.ಎ. ಪರೀಕ್ಷೆಯಲ್ಲಿ ಯಾರೂ ಪೂರ್ತಿಯಾಗಿ ಪಾಸಾಗಲಿಲ್ಲ. ಒಂದೇ ವಿಷಯದಲ್ಲಿ ಕೆಲವೇ ಅಂಕ ಕಡಿಮೆ ಬಿದ್ದಿದ್ದ ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸರಿಗೆ ಕೃಪಾಂಕ ಕೊಟ್ಟು ಪದವಿ ನೀಡಲಾಯಿತು.

ಕರ್ನಾಟಕದಲ್ಲಿ ಈ ಹಾದಿಯನ್ನು ಧಾರವಾಡದ ಉದಾಹರಣೆಯಲ್ಲಿ ನೋಡಬಹುದು. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ಹೈಸ್ಕೂಲುಗಳ ಮಕ್ಕಳು ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಕೂರುತ್ತಿದ್ದರು. ಅದು ಕಾಲೇಜು ಪ್ರವೇಶದ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ 1917ರಿಂದ ಊರಿನಲ್ಲೇ ಕರ್ನಾಟಕ ಕಾಲೇಜು ಸಿಕ್ಕಿತು. 1948ರ ಕಾಯ್ದೆಯ ಮೂಲಕ ಮುಂಬಯಿ ಸರ್ಕಾರ ಶಾಲಾಂತ್ಯ ಪರೀಕ್ಷೆಗೆ ಪ್ರತ್ಯೇಕ ಮಂಡಳಿ ರಚಿಸಿತು. 1956ರ ಏಕೀಕರಣದಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. 1966ರ ಕಾಯ್ದೆಯು ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಗೆ ಕಾನೂನಿನ ನೆಲೆ ಒದಗಿಸಿತು.

ಕ್ರಮೇಣ ಈ ಶಾಲಾಂತ್ಯ ಪರೀಕ್ಷೆಯ ಅರ್ಥವೂ ಬದಲಾಯಿತು. ಕಾಲೇಜಿಗೆ ಹೋಗದವರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕಾಯಿತು. ಧಾರವಾಡದ ಹೊರವಲಯದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಬೇಲೂರು–ಮುಮ್ಮಿಗಟ್ಟಿ ಭಾಗದಲ್ಲಿ ಬಸ್ಸುಗಳನ್ನೂ ಯಂತ್ರಗಳನ್ನೂ ತಯಾರಿಸುವ ಕಾರ್ಖಾನೆಗಳು ಬಂದವು. ಅಲ್ಲಿಗೆ ಬೇಕಾದ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಐಟಿಐಗೆ ಸೇರುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಹಾಗಾಗಿ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಫೇಲು ಎಂಬ ಒಂದು ಪದ ಇಡೀ ಬದುಕಿನ ದಿಕ್ಕನ್ನೇ ತಿರುಗಿಸಬಲ್ಲದು. ಪಾಸು ಅಂಕ ಇಳಿಸಬೇಕೆಂಬ ವಾದಕ್ಕೆ ಬಲ ಬರುವುದು ಇಲ್ಲಿಂದಲೇ.

2014–15ರಿಂದ ನೂರು ಅಂಕದ ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ ಹಂಚಿಕೆಯಾದವು. ಕೋವಿಡ್ ಕಾಲದಲ್ಲಿ, 2021ರ ಜುಲೈ ತಿಂಗಳಲ್ಲಿ, ಪರೀಕ್ಷೆ ಎರಡೇ ದಿನಗಳ ಬಹುಆಯ್ಕೆ ಪ್ರಶ್ನೆಗಳಿಗೆ ಇಳಿದು ಬಹುತೇಕ ಎಲ್ಲರೂ ಪಾಸಾದರು. 2023ರಲ್ಲಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಪಾಸಾದವರು ಶೇ. 73.40 ಮಾತ್ರ. ಈ ಕೃಪಾಂಕಕ್ಕೆ ತೀವ್ರ ಟೀಕೆ ಬಂದು, ಮರುವರ್ಷ ಅದನ್ನು ಕೈಬಿಡಲಾಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶಾಲಾ ವಿದ್ಯಾರ್ಥಿಗಳ ತೇರ್ಗಡೆ ಪ್ರಮಾಣ ಶೇ. 66.14ಕ್ಕೆ ನಿಂತಿತು.

ಹೊಸ ನಿಯಮ ಬಂದದ್ದು ಇದರ ಬೆನ್ನಿಗೇ. ಅದರಂತೆ ಒಟ್ಟು 625ರಲ್ಲಿ 206 ಅಂಕ ಗಳಿಸಿ, ಪ್ರತಿ ವಿಷಯದಲ್ಲೂ ಆಂತರಿಕ ಅಂಕ ಸೇರಿ ಕನಿಷ್ಠ ಶೇ. 30 ಪಡೆಯಬೇಕು. ಶೇ. 35ರ ಲೆಕ್ಕದಲ್ಲಿ ಒಟ್ಟು 219 ಬೇಕಿತ್ತು. ಸಿಬಿಎಸ್‌ಇ ಮತ್ತು ಐಸಿಎಸ್‌ಇಗಳಲ್ಲಿ ಶೇ. 33 ಇರುವಾಗ ರಾಜ್ಯದ ಮಕ್ಕಳಿಗಷ್ಟೇ ಹೆಚ್ಚಿನ ಮಿತಿ ಏಕೆ ಎಂಬುದು ಸರ್ಕಾರದ ಸಮರ್ಥನೆ. ನೆರೆಯ ಕೇರಳ ಇದೇ ಕಾಲದಲ್ಲಿ ವಿರುದ್ಧ ದಿಕ್ಕು ಹಿಡಿದು, ಲಿಖಿತ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಶೇ. 30 ಕಡ್ಡಾಯಗೊಳಿಸಲು ತೀರ್ಮಾನಿಸಿತು.

ಗುಣಮಟ್ಟದ ದೃಷ್ಟಿಯಿಂದ, ಕಡಿಮೆಯಾದ ಶೇ. 2 ಅಂಕಗಳಿಗಿಂತ ಆಂತರಿಕ ಅಂಕದ ಪಾತ್ರವೇ ದೊಡ್ಡದು. ಶಾಲೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರೆ ಆ ವಿಷಯದ ಕನಿಷ್ಠ ಮಟ್ಟ ಮುಟ್ಟಲು ಲಿಖಿತ ಪರೀಕ್ಷೆಯ ಹತ್ತು ಅಂಕ ಸಾಕು. ಆಂತರಿಕ ಮೌಲ್ಯಮಾಪನ ಪ್ರಾಮಾಣಿಕವಾಗಿ ನಡೆದರೆ ಅದು ಕಲಿಕೆಯ ನಿಜವಾದ ಅಳತೆ, ಕಣ್ಮುಚ್ಚಿ ಹಾಕಿದರೆ ಗಣಿತವನ್ನೇ ಕಲಿಯದ ಮಗುವಿಗೂ ಪಾಸು ಚೀಟಿ. ಅಂಥ ಮಗು ಐಟಿಐಗೆ ಬಂದಾಗ ನಕ್ಷೆ ಓದುವುದಕ್ಕೂ ವರ್ನಿಯರ್‌ನಲ್ಲಿ ಅಳತೆ ಹಿಡಿಯುವುದಕ್ಕೂ ದಶಮಾಂಶದಿಂದಲೇ ಪಾಠ ಆರಂಭವಾಗಬೇಕಾಗುತ್ತದೆ. ಪಾಸು ಅಂಕವನ್ನು ಇಳಿಸಿದರೆ ಮಗುವಿಗೆ ಮುಂದಿನ ಬಾಗಿಲು ತೆರೆಯುತ್ತದೆ, ಕಲಿಕೆಯ ಕೊರತೆ ಹಾಗೆಯೇ ಉಳಿಯುತ್ತದೆ. ಅದನ್ನು ತುಂಬಲು ಎಂಟು, ಒಂಬತ್ತನೇ ತರಗತಿಗಳಲ್ಲೇ ಹಿಂದುಳಿದವರನ್ನು ಗುರುತಿಸಿ ಕಲಿಸಬೇಕು, ಖಾಲಿ ಇರುವ ಶಿಕ್ಷಕರ ಹುದ್ದೆಗಳನ್ನು ತುಂಬಬೇಕು. ಧಾರವಾಡ ಜಿಲ್ಲಾಡಳಿತ ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಕೈಗೊಂಡ ‘ಮಿಷನ್ ವಿದ್ಯಾಕಾಶಿ’ ಇಂಥದೇ ಒಂದು ಪ್ರಯತ್ನ. ಇಂಥ ಬೋಧನೆ ಜೊತೆಗಿದ್ದರೆ ಮಾತ್ರ ಶೇ. 33ರ ನಿಯಮ ಬಡ ಮಕ್ಕಳಿಗೆ ನಿಜವಾದ ಅನುಕೂಲವಾದೀತು.